ಎಂಟು ಗಂಟೆಯ ಬಿಸಿಲು

ಬಾಗಿಲು ತೆರೆದ ಟೈಪಿಸ್ಟ್ ಕೈಯಿಂದ ಊಟದ ಡಬ್ಬಿ ಜಾರಿ ಬಿತ್ತು. ಎದುರಿಗೆ ಕುರ್ಚಿಯಲ್ಲಿ ಹಿರಿಯ ನಟರು. ಕೈಗಳನ್ನು ಹಿಂದಕ್ಕೆ ಕಟ್ಟಲಾಗಿತ್ತು. ಬಾಯಿಗೆ ಬಟ್ಟೆ. ಮೇಜಿನ ಖಾನೆಗಳೆಲ್ಲ ನೆಲದ ಮೇಲಿದ್ದವು. ಅವಳ ಕೂಗಿಗೆ ಎದುರುಮನೆಯವರು ಓಡಿ ಬಂದರು.

ಐವತ್ತು ವರ್ಷ ನಾಟಕದಲ್ಲೂ ಸಿನಿಮಾದಲ್ಲೂ ಮೆರೆದವರು. ಈಗ ಆತ್ಮಕಥೆ ಬರೆಯುತ್ತಿದ್ದರು. ಯಾರನ್ನೂ ಬಿಡುವುದಿಲ್ಲ, ನನ್ನನ್ನೂ ಬಿಡುವುದಿಲ್ಲ ಎಂದು ಪತ್ರಿಕೆಯವರ ಮುಂದೆ ಡಂಗುರ ಹೊಡೆದಿದ್ದರು. ಹದಿನೆಂಟು ಅಧ್ಯಾಯ ಟೈಪಾಗಿತ್ತು. ಕೊನೆಯದು ಅವರ ಕೈಬರಹದಲ್ಲೇ ಇತ್ತು. ಅದನ್ನು ಇನ್ನೂ ಯಾರೂ ಓದಿರಲಿಲ್ಲ. ಕಳುವಾದದ್ದು ಅದೊಂದೇ.

ಒಂಬತ್ತೂವರೆಗೆ ಇನ್‌ಸ್ಪೆಕ್ಟರ್ ಬಂದರು. ಠಾಣೆಯಲ್ಲಿ ಬೆನ್ನ ಹಿಂದೆ ಅವರಿಗೆ ‘ಅನುಮಾನದಕ್ಕ’ ಎಂದು ಹೆಸರು. ಅದು ಅವರಿಗೂ ಗೊತ್ತಿತ್ತು. ಹೆಸರಿಟ್ಟವರು ಯಾರು ಎಂಬ ಬಗ್ಗೆಯೂ ಅವರಿಗೆ ಅನುಮಾನವಿತ್ತು.

"ಆರು ಗಂಟೆ ಇರ್ಬೇಕು. ಇನ್ನೂ ಬೆಳಕು ಹರಿದಿರ್ಲಿಲ್ಲ," ನಟರು ಕೋಟಿನ ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದರು. ಹಿಂದಿನ ಸಾಲಿಗೂ ಕೇಳುವ ದನಿ. "ಮುಸುಕು ಹಾಕಿದ್ರು. ನನ್ನನ್ನ ಕಟ್ಟಿಹಾಕಿ, ಎಲ್ಲಾ ಕಿತ್ತು ಬಿಸಾಕಿ ಹೋದ್ರು."

"ಗಂಡಸೋ ಹೆಂಗಸೋ?"

"ಸುಳ್ಳು ಹೇಳ್ಬಾರ್ದು, ಮುಖ ನೋಡಿಲ್ಲ. ಕೈ ಮಾತ್ರ ಮೆತ್ತಗಿತ್ತು." ಅವರ ಕಣ್ಣು ಟೈಪಿಸ್ಟ್ ಕಡೆ ಹೋಗಿ, ಹೋಗಲೇ ಇಲ್ಲವೆಂಬಂತೆ ವಾಪಸಾಯಿತು.

ಬೀಗ ಒಡೆದಿರಲಿಲ್ಲ. ಇನ್ನೆರಡು ಕೀಲಿಗಳಿದ್ದವು. ಒಂದು, ಸಿನಿಮಾ ನಿರ್ದೇಶಕನಾದ ತಮ್ಮನ ಹತ್ತಿರ. ಇನ್ನೊಂದು ಟೈಪಿಸ್ಟ್ ಹತ್ತಿರ.

"ಹಗ್ಗ ಬಿಚ್ಚಿದ್ದು ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

"ನಾನೇ," ಟೈಪಿಸ್ಟ್ ಹೇಳಿದಳು. "ಕತ್ತರಿ ಬೇಕಾಗುತ್ತೆ ಅಂದ್ಕೊಂಡೆ. ತುದಿ ಹಿಡಿದು ಎಳೆದೆ. ಪೂರ್ತಿ ಬಿಚ್ಚಿಕೊಳ್ತು."

"ಕುರ್ಚಿ?"

"ಅದನ್ನ ಮುಟ್ಟಿಲ್ಲ."

ಎತ್ತಲು ಇಬ್ಬರಾದರೂ ಬೇಕೆನಿಸುವ ಮರದ ಕುರ್ಚಿ. ಮೇಜಿನಿಂದ ಎಂಟು ಹೆಜ್ಜೆ ದೂರದಲ್ಲಿ, ಎರಡು ಬೀರುಗಳ ನಡುವಿನ ಮಬ್ಬು ಸಂದಿಯಲ್ಲಿತ್ತು. ನೆಲದ ಮೇಲೆ ಎಳೆದ ಗೀರುಗಳಿದ್ದವು.

"ಬಾಗಿಲು ತೆಗೆದಾಗ ಮೊದಲು ಏನು ಕಾಣಿಸ್ತು?"

"ಅವರ ಮುಖ. ಥಟ್ ಅಂತ ಕಣ್ಣಿಗೆ ಹೊಡೀತು."

ಇನ್‌ಸ್ಪೆಕ್ಟರ್ ಸಂದಿಯನ್ನು ನೋಡಿದರು. ಅಲ್ಲಿ ಕೂತರೆ ಮುಖವಿರಲಿ, ಮೂಗೂ ಸರಿಯಾಗಿ ಕಾಣುವಂತಿರಲಿಲ್ಲ. ಹುಡುಗಿ ಯಾಕೆ ಸುಳ್ಳು ಹೇಳುತ್ತಿದ್ದಾಳೆ? ಅವರು ಕುರ್ಚಿಯ ನಾಲ್ಕೂ ಕಾಲಿಗೆ ಸೀಮೆಸುಣ್ಣದ ಗುರುತು ಹಾಕಿ, ಕೋಣೆ ಹಾಗೇ ಇರಲಿ ಎಂದು ಕಾನ್‌ಸ್ಟೇಬಲ್‌ಗೆ ಹೇಳಿ ಹೊರಟರು.

* * *

ನಟರ ತಮ್ಮ ಶೂಟಿಂಗ್‌ನಲ್ಲಿದ್ದ. ಪೊಲೀಸರನ್ನು ನೋಡಿದ್ದೇ ಮುಖ ಹುಳ್ಳಗಾಯಿತು.

"ಏಳನೇ ಅಧ್ಯಾಯ ಓದಿದ್ದೀನಿ," ಇನ್‌ಸ್ಪೆಕ್ಟರ್ ಹೇಳಿದರು. "ನಿಮಗೆ ಪ್ರಶಸ್ತಿ ತಂದ ಮೊದಲ ಸಿನಿಮಾ ನಿರ್ದೇಶನ ಮಾಡಿದ್ದು ನಿಮ್ಮಣ್ಣ ಅಂತೆ. ನೀವು ಜ್ವರ ಅಂತ ಮನೇಲಿ ಮಲಗಿದ್ರಂತೆ. ನಿಜಾನಾ?"

"ಜ್ವರ ನಿಜ."

"ನಿನ್ನೆಯಿಂದ ಇಲ್ಲೇ ಇದ್ದೀರಾ?"

"ಬೆಳಗ್ಗೆ ಐದರಿಂದ. ಅರವತ್ತು ಜನರನ್ನ ಕೇಳಿ. ಎಲ್ಲರಿಗೂ ಒಂದೊಂದು ಸಲ ಬೈದಿದ್ದೀನಿ."

ಕೇಳಿದರು. ಎಲ್ಲರೂ ಸಂತೋಷದಿಂದಲೇ ಹೌದೆಂದರು. ಅದೂ ಅಲ್ಲದೆ, ತಮ್ಮನ ಮಾನ ಹರಾಜು ಹಾಕುವ ಏಳನೇ ಅಧ್ಯಾಯ ಮೇಜಿನ ಮೇಲೇ ಇತ್ತು. ಕದಿಯುವುದಿದ್ದರೆ ಅವನು ಅದನ್ನು ಬಿಟ್ಟು ಹೋಗುತ್ತಿರಲಿಲ್ಲ.

"ಕೊನೆ ಅಧ್ಯಾಯದಲ್ಲಿ ಏನಿರ್ಬಹುದು?"

ತಮ್ಮ ದನಿ ತಗ್ಗಿಸಿದ. "ನಾಯಕಿ ಸತ್ತ ವಿಷಯ ಇರ್ಬೇಕು. ಮೂವತ್ತು ವರ್ಷ ಆಯ್ತು. ನಾಟಕ ನಡೀತಿತ್ತು. ರಂಗದ ನೆಲದಲ್ಲಿ ಒಂದು ಕಿಂಡಿ ತೆರೆದಿತ್ತು, ಅದರೊಳಗೆ ಬಿದ್ಬಿಟ್ಲು. ದೀಪದವನು ಬೆಳಕು ಸರಿಯಾಗಿ ಬಿಡ್ಲಿಲ್ಲ ಅಂತ ಕಂಪನಿಯಿಂದ ಓಡಿಸಿದ್ರು. ಮತ್ತೆ ಅವನಿಗೆ ಎಲ್ಲೂ ಕೆಲಸ ಸಿಗ್ಲಿಲ್ಲ."

"ಬೆಳಕು ಬಿಡ್ಲಿಲ್ಲ ಅಂತ ಹೇಳಿದ್ದು ಯಾರು?"

"ಅಣ್ಣ. ಅವಳ ಪಕ್ಕದಲ್ಲೇ ನಿಂತಿದ್ನಲ್ಲ."

* * *

"ನಿಮ್ಮಪ್ಪನ ಕೆಲಸ ಏನು?" ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಟೈಪಿಸ್ಟ್‌ಗೆ ಕೇಳಿದ ಮೊದಲ ಪ್ರಶ್ನೆ ಅದೇ.

"ನಾಟಕ ಕಂಪನೀಲಿ ದೀಪ ನೋಡಿಕೊಳ್ತಿದ್ರು."

ಕಾನ್‌ಸ್ಟೇಬಲ್ ಬಾಯಿ ತೆರೆದ. ಇನ್‌ಸ್ಪೆಕ್ಟರ್ ಕಣ್ಣಲ್ಲೇ ಮುಚ್ಚಿಸಿದರು.

"ಮುಚ್ಚಿಟ್ಟು ಕೆಲಸಕ್ಕೆ ಸೇರಿದ್ರಿ."

"ಮೊದಲು ಮುಚ್ಚಿಟ್ಟಿದ್ದು ಹೌದು. ನಿನ್ನೆ ಸಂಜೆ ನಾನೇ ಅವರಿಗೆ ಹೇಳ್ದೆ. ಕೊನೆ ಅಧ್ಯಾಯ ನಾಳೆ ಕೊಡ್ತೀನಿ ಅಂದ್ರು, ತಡ್ಕೊಳ್ಳೋಕೆ ಆಗ್ಲಿಲ್ಲ. ನಮ್ಮದು ಹಗಲಲ್ಲೂ ಕತ್ತಲಿರೋ ಮನೆ, ಮೇಡಂ. ಅಪ್ಪ ಇವತ್ತಿಗೂ ಸ್ವಿಚ್ ಮುಟ್ಟಲ್ಲ. ಅಮ್ಮ ಕೆಲಸಕ್ಕೆ ಹೋದ್ರೆ ಒಬ್ಬರೇ ಕತ್ತಲಲ್ಲಿ ಕೂತಿರ್ತಾರೆ. ಆ ಹಾಳೆಗಳಲ್ಲಿ ನಿಜ ಇದ್ರೆ ಅಪ್ಪನಿಗೆ ಓದಿ ಹೇಳ್ಬೇಕು ಅಂತಿದ್ದೆ. ನಾನು ಯಾಕೆ ಕದೀಲಿ?"

"ಸುಳ್ಳು ಇದ್ರೆ ಕದೀಬಹುದು."

ಕೀಲಿ, ಕಾರಣ, ಮೆತ್ತಗಿನ ಕೈ. ಎಲ್ಲವೂ ಅಚ್ಚುಕಟ್ಟಾಗಿ ಹೊಂದಿಕೊಂಡಿದ್ದವು. ಇನ್‌ಸ್ಪೆಕ್ಟರ್‌ಗೆ ಆ ಅಚ್ಚುಕಟ್ಟಿನ ಮೇಲೇ ಅನುಮಾನ ಬಂತು.

"ನಟರ ಬಗ್ಗೆ ಅಪ್ಪ ಏನಂತಾರೆ? ಬೈತಾರಾ?"

"ಇಲ್ಲ. ನಟರ ಕಡೆ ದೀಪ ತಿರುಗಿಸೋ ಕೆಲಸಾನೇ ತನಗೆ ಇರ್ಲಿಲ್ಲ ಅಂತಾರೆ. ಬೆಳಕು ಎಲ್ಲಿದ್ರೂ ಕಾಲು ತಾನಾಗೇ ಅಲ್ಲಿಗೆ ಹೋಗ್ತಿತ್ತಂತೆ. ಕಣ್ಣು ಕಟ್ಟಿ ಬಿಟ್ರೂ ಬೆಳಕಲ್ಲೇ ನಿಲ್ತಿದ್ರಂತೆ."

ಬರೆಯುತ್ತಿದ್ದ ಪೆನ್ನು ನಿಂತಿತು.

"ನೀವು ಬಾಗಿಲು ತೆಗೆದಾಗ ಆ ಸಂದೀಲಿ ಬಿಸಿಲಿತ್ತಾ?"

"ಇತ್ತು. ಅವರ ಮುಖದ ಮೇಲೇ."

* * *

ಮರುದಿನ ಎಂಟಕ್ಕೆ ಹತ್ತು ನಿಮಿಷವಿರುವಾಗ, ತಮ್ಮನೂ ಸೇರಿ ಎಲ್ಲರೂ ಅದೇ ಕೋಣೆಯಲ್ಲಿದ್ದರು. ನಟರು ನಿನ್ನೆಯ ಕೋಟಿನಲ್ಲೇ ಇದ್ದರು. ಕೈ ಎದೆಯ ಮೇಲೇ ಇತ್ತು.

"ಏನಿದು, ಪೂರ್ವಾಭ್ಯಾಸವೇ?" ಅಂದರು.

"ಹಾಗೇ ಅಂದ್ಕೊಳ್ಳಿ."

ಸೂರಿನಲ್ಲಿ ಒಂದು ಸಣ್ಣ ಗಾಜಿನ ಕಿಂಡಿಯಿತ್ತು. ಅದರಿಂದ ಇಳಿದ ಬಿಸಿಲಿನ ತುಂಡು ಮೊದಲು ಬೀರುವಿನ ಬಾಗಿಲ ಮೇಲಿತ್ತು. ಮೆಲ್ಲಗೆ ಜಾರಿತು. ಎಂಟು ಗಂಟೆಗೆ ಸರಿಯಾಗಿ ಸೀಮೆಸುಣ್ಣದ ಗುರುತುಗಳ ಮೇಲೆ ಬಂದು, ಖಾಲಿ ಕುರ್ಚಿಯ ಬೆನ್ನನ್ನು ಬೆಳಗಿತು. ಕಾಲು ಗಂಟೆಯಲ್ಲಿ ಆಚೆ ಬೀರುವಿನ ಮೇಲಕ್ಕೆ ಸರಿದು, ಸಂದಿ ಮತ್ತೆ ಮಬ್ಬಾಯಿತು.

"ಟೈಪಿಸ್ಟ್ ದಿನಾ ಬರೋದು ಎಂಟಕ್ಕೆ," ಇನ್‌ಸ್ಪೆಕ್ಟರ್ ಹೇಳಿದರು. "ಕಳ್ಳ ಬಂದಿದ್ದು ಆರಕ್ಕೆ, ಕತ್ತಲಲ್ಲಿ ಅಂದ್ರಿ. ಎಂಟಕ್ಕೆ ಬಿಸಿಲು ಎಲ್ಲಿ ಬೀಳುತ್ತೆ ಅಂತ ಲೆಕ್ಕ ಹಾಕಿ, ಇಷ್ಟು ಭಾರದ ಕುರ್ಚಿ ಎಳೆದು, ಬಾಗಿಲಿಗೆ ಮುಖ ಮಾಡಿ ನಿಮ್ಮನ್ನ ಕೂರಿಸಿದ್ನಾ? ನಿಮ್ಮ ಮುಖ ಬಂದವರಿಗೆ ಚೆನ್ನಾಗಿ ಕಾಣ್ಬೇಕು ಅಂತ ಕಳ್ಳನಿಗೆ ಯಾಕಪ್ಪಾ ಅಷ್ಟು ಕಾಳಜಿ?"

ನಟರು ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಗಂಟೂ ಅಷ್ಟೆ. ನಾಟಕದಲ್ಲಿ ಕೈದಿಗೆ ಹಾಕೋ ಗಂಟು. ನೋಡೋಕೆ ಬಿಗಿ, ಎಳೆದ್ರೆ ಬಿಚ್ಚಿಕೊಳ್ಳುತ್ತೆ. ತನ್ನ ಕೈಗೆ ತಾನೇ ಹಾಕ್ಕೋಬಹುದು, ಬೇರೆಯವರು ಕಟ್ಟಬೇಕಾಗಿಲ್ಲ. ಇನ್ನು ಆ ಹಾಳೆಗಳು. ನಿಮ್ಮಂಥವರು ಅದನ್ನ ಹರಿಯಲ್ಲ, ಸುಡಲ್ಲ. ಜೀವಮಾನದಲ್ಲಿ ಬರೆದ ಒಂದೇ ಒಂದು ನಿಜವಾದ ಮಾತು. ನಿನ್ನೆ ಎದೆ ಮೇಲಿನ ಕೈ ನೋಡಿ ನಟನೆ ಅಂದ್ಕೊಂಡೆ. ಕೋಟಿನ ಒಳಜೇಬು ತೋರಿಸಿ."

ನಟರು ತೋರಿಸಲಿಲ್ಲ. ತಮ್ಮನೇ ಹೋಗಿ ಕೈ ಹಾಕಿ ತೆಗೆದ. ಮಡಿಸಿದ ಆರು ಹಾಳೆ.

"ಅಣ್ಣಾ..." ಎಂದ. ಹಾಳೆಗಳನ್ನು ಮೇಜಿನ ಮೇಲಿಟ್ಟ.

"ಓದುಗರಿಗೆ ಅಂತ ಬರೆಯುವಾಗ ಧೈರ್ಯ ಇತ್ತು," ನಟರು ನೆಲ ನೋಡುತ್ತ ಹೇಳಿದರು. "ದೀಪದವನ ಮಗಳು ಅಂತ ಈ ಹುಡುಗಿ ಎದುರಿಗೆ ನಿಂತಾಗ ಹೋಗ್ಬಿಡ್ತು."

"ಅಪ್ಪನ ತಲೆಗೆ ಕಟ್ಟಿದ್ದನ್ನೇ ಮಗಳ ತಲೆಗೂ ಕಟ್ಟೋಕೆ ಧೈರ್ಯ ಇತ್ತಲ್ಲ!" ಇನ್‌ಸ್ಪೆಕ್ಟರ್‌ಗೆ ಸಿಟ್ಟು ನೆತ್ತಿಗೇರಿತ್ತು. "ಸುಳ್ಳು ದೂರಿನ ಕೇಸು ಹಾಕ್ತೀನಿ. ಹೊರಡಿ."

"ಒಂದು ನಿಮಿಷ," ಟೈಪಿಸ್ಟ್ ಹೇಳಿದಳು. ಫೋನ್ ತೆಗೆದು ಮನೆಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. "ಅಪ್ಪಾ, ಕೇಳ್ತಾ ಇರಿ. ಇಡಬೇಡಿ." ಆಮೇಲೆ ಹಾಳೆಗಳನ್ನು ನಟರ ಕೈಗೆ ಕೊಟ್ಟಳು. "ಓದಿ."

ನಟರು ಎದ್ದು, ಆ ಮಬ್ಬು ಸಂದಿಗೆ ಹೋಗಿ ಎಲ್ಲರಿಗೂ ಬೆನ್ನು ಮಾಡಿ ನಿಂತರು. ಓದಲು ಅಲ್ಲಿ ಬೆಳಕು ಸಾಲದು. ಆದರೆ ಅವರಿಗೆ ಹಾಳೆ ಬೇಕಾಗಲಿಲ್ಲ.

"ಆ ದಿನ ದೀಪ ಸರಿಯಾಗಿಯೇ ಇತ್ತು. ಅದು ಅವಳ ಮೇಲಿತ್ತು. ಚಪ್ಪಾಳೆ ಅವಳಿಗೆ ಬೀಳುತ್ತಿತ್ತು. ನನಗೆ ಸಹಿಸಲಾಗಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಅವಳ ಬೆಳಕಿಗೆ ಅಡ್ಡ ನಿಂತೆ. ನನ್ನ ನೆರಳು ಅವಳ ಕಾಲ ಬುಡಕ್ಕೆ ಬಿತ್ತು. ಬೆಳಕಿಗಾಗಿ ಅವಳು ಹಿಂದೆ ಸರಿದಳು. ಹಿಂದೆ ಕಿಂಡಿ ತೆರೆದಿತ್ತು. ದೀಪದವನ ತಪ್ಪು ಏನೂ ಇರಲಿಲ್ಲ."

ದನಿ ಬಾಗಿಲವರೆಗೂ ಮುಟ್ಟಲಿಲ್ಲ. ಫೋನಿಗೆ ಮುಟ್ಟಿತ್ತು. ಟೈಪಿಸ್ಟ್ "ಅಪ್ಪಾ?" ಎಂದಳು.

ಫೋನಿನಲ್ಲಿ ಕುರ್ಚಿ ಸರಿಸಿದ ಸದ್ದು. ನಿಧಾನವಾದ ಹೆಜ್ಜೆಗಳು. ಆಮೇಲೆ ಸ್ವಿಚ್ ಟಕ್ ಎಂದದ್ದು ಎಲ್ಲರಿಗೂ ಕೇಳಿಸಿತು.