ಕೆನ್ನೆಯ ಬೊಟ್ಟು

"ಬೇರೆ ಏನಾದ್ರೂ ಮಾಡ್ಕೊಳ್ಳಿ ಡಾಕ್ಟ್ರೇ, ಆ ಬೊಟ್ಟು ಮಾತ್ರ ಅಳಿಸಬೇಡಿ," ಎಂದಳು ಮನೆಯೊಡತಿ ಸುಮತಿ, ಮಾಂಟ್ ಕಿಯಾರಾದ ಬಾಡಿಗೆ ಫ್ಲ್ಯಾಟಿನ ಬೀಗದ ಕೈ ಸರೋಜಿನಿಗೆ ಒಪ್ಪಿಸುತ್ತಾ. "ಮಕ್ಕಳನ್ನ ಕಳ್ಕೊಂಡವಳೊಬ್ಬಳು ಈ ಚಿತ್ರಕ್ಕೆ ಮಾಟ ಮಾಡ್ಸಿದ್ದಾಳಂತೆ. ಹೊರಗೆ ಹಾಕಿದ್ರೂ ಬಿಡಲ್ಲ."

ಗೋಡೆಯ ಮೇಲಿದ್ದದ್ದು ಇಟಲಿಯ ವರ್ಣಚಿತ್ರವೊಂದನ್ನು ತಾಮ್ರದ ತಗಡಿನಲ್ಲಿ ಕೊರೆದು ತೆಗೆದ ಅಚ್ಚು. ಐನೂರು ವರ್ಷದ ಹಾಳೆ. ಮಕ್ಕಳ ಬಗ್ಗೆ ಜಂಬ ಕೊಚ್ಚಿದ ನಿಯೋಬೆ ಎಂಬ ರಾಣಿಯ ಪುರಾಣ: ದೇವತೆಗಳು ಬಾಣ ಬಿಟ್ಟು ಮಕ್ಕಳನ್ನೆಲ್ಲ ಕೊಲ್ಲುತ್ತಾರೆ, ತಾಯಿ ಕಲ್ಲಾಗುತ್ತಾಳೆ. ಚಿತ್ರದಲ್ಲಿ ಅವಳು ಕೊನೆಯ ಮಗಳನ್ನು ಸೆರಗಿನಲ್ಲಿ ಬಚ್ಚಿಟ್ಟಿದ್ದಳು. ಆ ಮಗುವಿನ ಕೆನ್ನೆಗೆ ಯಾರೋ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಿದ್ದರು.

ಮಣಿಪಾಲದಿಂದ ಈ ಪರದೇಶಕ್ಕೆ ಬಂದ ಸರೋಜಿನಿ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಅರಿವಳಿಕೆ ಕಲಿಸುವವಳು. "ಇಟಲಿಯ ಮಗುವಿಗೂ ದೃಷ್ಟಿ ತಾಗ್ತದಾ?" ಎಂದು ನಕ್ಕಳು. ಒಳ್ಳೆಯ ಹಾಳೆ ಕೆಟ್ಟಿದೆಯೆಂಬ ಸಂಕಟ ಬೇರೆ. ಹೇಳಿದ ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ, ಬಿಡಿ. ಭಾನುವಾರ ಮಧ್ಯಾಹ್ನ ಗಾಜು ತೆಗೆದು, ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿಯೇಬಿಟ್ಟಳು. ಸುಟ್ಟ ಕೂದಲಿನ ವಾಸನೆ ಬಂತು. ಮೋಡ ಕವಿದು ಕೋಣೆ ಕತ್ತಲಾಯಿತು.

"ಅಮ್ಮಾ, ಮೈ ಲೆಗ್ಸ್... ಫೀಲ್ ಆಗ್ತಿಲ್ಲ," ಎಂದಳು ಸೋಫಾದಲ್ಲಿದ್ದ ಮಗಳು ಅನನ್ಯ.

ಸರೋಜಿನಿ ಸೂಜಿ ತಂದು ಪಾದಕ್ಕೆ ಚುಚ್ಚಿದಳು. ಮಗು ಟಿವಿ ನೋಡುತ್ತಲೇ ಇತ್ತು. ರಕ್ತವೂ ಬರಲಿಲ್ಲ. ಮೊಣಕಾಲು ರುಬ್ಬುವ ಕಲ್ಲಿನ ಹಾಗೆ ತಣ್ಣಗಿತ್ತು. ಅಚ್ಚಿನ ಕಡೆ ನೋಡಿದರೆ, ಅಲ್ಲಿನ ಮಗುವಿನ ಕಾಲಿನ ಗೆರೆಗಳೇ ಇರಲಿಲ್ಲ. ಬರೀ ಬಿಳಿ ಕಾಗದ. ಆಂಬುಲೆನ್ಸಿಗೆ ಫೋನ್ ಮಾಡುವಷ್ಟರಲ್ಲಿ ಬಿಳುಪು ಸೊಂಟಕ್ಕೆ ಏರಿತ್ತು.

ಕಾಡಿಗೆ ಡಬ್ಬಿ ಹುಡುಕಿದಳು. ಅಚ್ಚಿಗೆ ಬೊಟ್ಟಿಟ್ಟಳು. ಕಾಗದ ಹಿಡಿಯಲಿಲ್ಲ. ಮತ್ತೆ ಇಟ್ಟಳು. ಜಾರಿತು. ಬಿಳುಪು ಎದೆಗೆ ಬಂತು. ಅನನ್ಯಳ ಉಸಿರು ಸಿಕ್ಕಿಕೊಂಡಿತು. ಸರೋಜಿನಿ ಓಡಿದಳು. ಮಗಳ ಕೆನ್ನೆಗೇ ಬೆರಳೊತ್ತಿದಳು.

"ನನ್ನನ್ನು ತಕ್ಕೊಳ್ಳಿ," ಎಂದಳು, ಯಾರಿಗೆಂದು ತಿಳಿಯದೆ. "ಮಗುವನ್ನು ಬಿಡಿ."

ಬೊಟ್ಟು ನಿಂತಿತು.

ಅನನ್ಯ ಕೆಮ್ಮಿದಳು. ಕಾಲು ಎಳೆದುಕೊಂಡಳು. ಸೂಜಿ ಚುಚ್ಚಿದ ಜಾಗ ಉರಿದು ಅಳತೊಡಗಿದಳು. ಆ ಅಳು ಕೇಳಿ ಸರೋಜಿನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಕಾಡಿಗೆ ಮೆತ್ತಿದ ಬೆರಳ ತುದಿಯಿಂದ ತಣ್ಣಗಿನದೇನೋ ತೋಳಿಗೆ, ಭುಜಕ್ಕೆ, ಎದೆಗೆ ಹರಡಿತು.

ವರ್ಷವಾಯಿತು. ಜೊತೆಯ ಡಾಕ್ಟರುಗಳು ನರದ ಕಾಯಿಲೆ ಎನ್ನುತ್ತಾರೆ. ಸರೋಜಿನಿ ನಡೆಯುತ್ತಾಳೆ, ಮಾತಾಡುತ್ತಾಳೆ. ಕೈ ಬಾಣಲೆಗೆ ತಾಗಿದ್ದು ಮಾತ್ರ ಸುಟ್ಟ ವಾಸನೆ ಬಂದ ಮೇಲೆಯೇ ತಿಳಿಯುತ್ತದೆ. ದಿನಾ ಬೆಳಿಗ್ಗೆ ಮಗಳ ಕೆನ್ನೆಗೆ ಬೊಟ್ಟಿಡುತ್ತಾಳೆ. ಶಾಲೆಯ ಬಸ್ಸು ಬರುವ ಮುಂಚೆ ಅನನ್ಯ ಅವಳ ಕೊರಳಿಗೆ ಜೋತುಬೀಳುತ್ತಾಳೆ.

"ಟೈಟ್ ಹಗ್, ಅಮ್ಮಾ. ಗೊತ್ತಾಯ್ತಾ?"

"ಗೊತ್ತಾಯ್ತು ಮಗಾ," ಎನ್ನುತ್ತಾಳೆ ಸರೋಜಿನಿ, ಮಗಳ ಕೈ ಎಲ್ಲಿದೆಯೆಂದು ಎದುರಿನ ಕನ್ನಡಿಯಲ್ಲಿ ನೋಡಿಕೊಂಡು.