ಮೇಣದ ಕಣ್ಣು

"ಆ ಮೂಟೆ ಮುಟ್ಬೇಡಿ ಸಾರ್. ಅದು ಜನರ ನೋವು," ಎಂದ ಚರ್ಚಿನ ಗಂಟೆ ಹೊಡೆಯುವ ಮುದುಕ ಇನ್ನಾಸಪ್ಪ.

ಆತ್ರೇಯ ನಕ್ಕ. ಎದುರಿಗಿರುವವನು ದಡ್ಡನೆಂದು ಮೊದಲೇ ತೀರ್ಮಾನಿಸಿದವರು ನಗುವ ನಗು ಅದು. ಅವನಿಗೆ ಬೇರೆ ನಗು ಬರುತ್ತಲೂ ಇರಲಿಲ್ಲ. ಚಾಮರಾಜಪೇಟೆಗೆ ಬಾಡಿಗೆಗೆ ಬಂದು ಮೂರು ತಿಂಗಳಾಗಿತ್ತು. ಅಷ್ಟರಲ್ಲೇ ಬೀದಿಯ ಅಶ್ವತ್ಥಕಟ್ಟೆ, ದರ್ಗಾದ ಹಸಿರು ಬಟ್ಟೆ, ಪಕ್ಕದ ಮನೆಯವರು ಬಾಗಿಲಿಗೆ ಕಟ್ಟಿದ್ದ ಬೂದುಗುಂಬಳ, ಎಲ್ಲದರ ಅರ್ಥವನ್ನೂ ಆ ಬೀದಿಯವರಿಗೇ ವಿವರಿಸಿ ಮುಗಿಸಿದ್ದ. ಭಾನುವಾರ 'ಸಂಕೇತಗಳ ಹಿಂದಿನ ಸತ್ಯ' ಎಂದು ಉಪನ್ಯಾಸ ಕೊಡುವುದು, ಉಳಿದ ದಿನ ಸುಗಂಧದ ಮೇಣದಬತ್ತಿ ಮಾಡಿ ಮಾರುವುದು ಅವನ ಕಸುಬು. ಈಗ ಶಿಲುಬೆಯಾಕಾರದ ಬತ್ತಿ ಮಾಡುವ ಹುಕಿ ಹತ್ತಿತ್ತು. ಹಳೆಯ ಮೇಣ ಸಿಕ್ಕೀತೆಂದು ಗಲ್ಲಿಯ ಪುಟ್ಟ ಚರ್ಚಿನ ಹಿಂದಿನ ಶೆಡ್ಡಿಗೆ ಬಂದಿದ್ದ.

ಮೂಟೆಯ ಬಾಯಿ ತೆರೆದಿತ್ತು. ಒಳಗೆ ಮೇಣದ ಕೈ, ಮೇಣದ ಕಾಲು, ಮೇಣದ ಹೃದಯ. ಎಲ್ಲದರ ಮೇಲೆ, ಅಂಗೈಯಗಲದ ಬಿಲ್ಲೆಯೊಂದರಲ್ಲಿ ಮೇಣದ ಎರಡು ಕಣ್ಣು. ನೋಯುವ ಅಂಗದ ಆಕಾರವನ್ನು ಮೇಣದಲ್ಲಿ ಮಾಡಿಸಿ, ಶಿಲುಬೆಯ ಬುಡದಲ್ಲಿಟ್ಟು ಹರಕೆ ಹೊರುವುದು ಇಲ್ಲಿಯ ಭಕ್ತರ ರೂಢಿ. ಅವನ್ನೆಲ್ಲ ಕೂಡಿಟ್ಟು, ಈಸ್ಟರಿನ ಹಿಂದಿನ ದಿನ ಚರ್ಚಿನಲ್ಲೇ ಕರಗಿಸಿ ಒಂದು ದೊಡ್ಡ ಬತ್ತಿ ಮಾಡುವುದು ಇನ್ನಾಸಪ್ಪನ ಕೆಲಸ. ನಲವತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದ.

"ಒಳ್ಳೆ ಮಾಟದ ಗೊಂಬೆ ಥರ ಇದೆಯಲ್ರೀ," ಎಂದ ಆತ್ರೇಯ.

"ಮಾಟದ ಗೊಂಬೆ ಇನ್ನೊಬ್ಬರ ಮೇಲೆ ನೋವು ಹಾಕೋಕೆ ಸಾರ್. ಇದು ಇಳಿಸೋಕೆ. ನಮ್ಮ ನೋವನ್ನ ಶಿಲುಬೆ ಮೇಲಿರೋನು ನಮ್ಮ ಬದಲು ಹೊರ್ತಾನೆ. ಅದಕ್ಕೇ ಅವನ ಮುಂದೆನೇ ಕರಗ್ಬೇಕು. ಹೊರಗೆ ಹಚ್ಚಿದ್ರೆ ಹಚ್ಚಿದೋರ ಮೇಲೆ ಕೂತ್ಕೊಳತ್ತೆ."

"ಶಿಲುಬೆ ಅಂದ್ರೆ ಎರಡು ಮರದ ತುಂಡು. ರೋಮನ್ನರು ಜನರನ್ನ ಕೊಲ್ಲೋಕೆ ಇಟ್ಕೊಂಡಿದ್ದ ಸಾಮಾನು. ಅದಕ್ಕೆ ಅರ್ಥ ಅಂಟಿಸಿರೋದು ನೀವು. ಸಿಂಬಲ್‌ಗೆ ಅದರದೇ ಪವರ್ ಅಂತ ಏನೂ ಇರಲ್ಲ."

ಇನ್ನಾಸಪ್ಪ ವಾದಕ್ಕೆ ನಿಲ್ಲಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಾಗಿತ್ತು, ಹೋದ. ಗಂಟೆ ನಿಲ್ಲುವುದರೊಳಗೆ ಮೇಣದ ಕಣ್ಣುಗಳು ಆತ್ರೇಯನ ಹೆಗಲಚೀಲ ಸೇರಿದ್ದವು. ಸತ್ಯ ಹುಡುಕುವವರು ಕದ್ದರೆ ಅದಕ್ಕೆ ಸ್ಯಾಂಪಲ್ ಎಂದು ಹೆಸರು.

ಅವನು ಬತ್ತಿ ಮಾಡುತ್ತಿದ್ದದ್ದು ಮನೆಯ ಹಿಂದಿನ ಉಗ್ರಾಣದಲ್ಲಿ. ಅದಕ್ಕೆ ಕಿಟಕಿ ಇರಲಿಲ್ಲ. ಪಡಸಾಲೆಯ ಬೆಳಕಿನಲ್ಲಿ ಅವನ ಹೆಂಡತಿ ಪೂಜಿತಾ ಮದುವೆಯ ರವಿಕೆಯೊಂದಕ್ಕೆ ಜರಿಯ ನವಿಲು ಹೊಲಿಯುತ್ತ ಕೂತಿದ್ದಳು. ಗಾಂಧಿ ಬಜಾರಿನ ಅಂಗಡಿಗಳಿಗೆ ಅವಳು ಮಾಡಿಕೊಡುತ್ತಿದ್ದ ಕಸೂತಿಯಿಂದಲೇ ಮನೆ ನಡೆಯುತ್ತಿತ್ತು. ಆ ಕಣ್ಣು, ಆ ಬೆರಳು ಇರುವ ತನಕ ತನ್ನ ಉಪನ್ಯಾಸಗಳಿಗೆ ತೊಂದರೆಯಿಲ್ಲವೆಂದು ಆತ್ರೇಯನಿಗೂ ಗೊತ್ತಿತ್ತು.

ಪಾತ್ರೆಯಲ್ಲಿ ಬಿಲ್ಲೆ ಕರಗಿತು. ಕಣ್ಣುಗಳು ಕರಗಲಿಲ್ಲ. ಮೇಲೆ ತೇಲಿ, ನಿಧಾನಕ್ಕೆ ಹೊರಳಿ, ಅವನತ್ತ ನಿಂತವು. ಅವನು ಸೌಟಿನಿಂದ ಅದುಮಿ ಮುಳುಗಿಸಿದ. ಮಲ್ಲಿಗೆಯ ಎಣ್ಣೆ ಹೊಯ್ದ. ಮಲ್ಲಿಗೆ ಬರಲಿಲ್ಲ. ಬಂದದ್ದು ಆಸ್ಪತ್ರೆಯ ವಾರ್ಡಿನ ವಾಸನೆ: ಟಿಂಕ್ಚರು, ಬೆವರಿದ ದಿಂಬು, ಕಣ್ಣಿಗೆ ಕಟ್ಟಿ ಬಹಳ ದಿನ ಬಿಚ್ಚದೆ ಬಿಟ್ಟ ಬಟ್ಟೆ. ಮೇಣ ಹಳತಾಗಿದೆ ಎಂದುಕೊಂಡು ಅಚ್ಚಿಗೆ ಸುರಿದ.

ಮಾರನೆಯ ದಿನ ಮಂಗಳವಾರ. ಮಧ್ಯಾಹ್ನ ಅಚ್ಚು ಬಿಡಿಸಿದಾಗ ಗೇಣುದ್ದದ ಬಿಳಿ ಶಿಲುಬೆ ಹೊರಬಂತು. ಫೋಟೋಗೆ ಕತ್ತಲೆ ಬೇಕೆಂದು ಬಾಗಿಲು ಹಾಕಿಕೊಂಡು ಹಚ್ಚಿದ.

ಜ್ವಾಲೆ ಅಲುಗಾಡದೆ ನಿಂತಿತು. ಅದೇ ವಾಸನೆ, ಈಗ ಇನ್ನೂ ಹತ್ತಿರ. ಎಲ್ಲೋ ಜಪಸರದ ಮಣಿಗಳು ಒಂದಕ್ಕೊಂದು ತಾಗುವ ಸದ್ದು. ಟಿಕ್. ಟಿಕ್. ಕಿವಿಯ ಹಿಂದೆ ಮುದುಕಿಯೊಬ್ಬಳ ಪಿಸುದನಿ. "ಸ್ವಾಮೀ, ನನ್ನ ಕಣ್ಣು." ತಿರುಗಿದ. ಯಾರೂ ಇಲ್ಲ. ಜ್ವಾಲೆಯ ಸುತ್ತ ಮಂಜು. ಕಣ್ಣುಜ್ಜಿದ. ಮಂಜು ದಟ್ಟವಾಯಿತು. ಬೂದುಬಣ್ಣವಾಯಿತು. ಕಪ್ಪಾಯಿತು. ಬತ್ತಿ ಆರಿತೆಂದು ಕೈ ಚಾಚಿದ. ಬೆರಳು ಸುಟ್ಟಿತು. ಬತ್ತಿ ಉರಿಯುತ್ತಲೇ ಇತ್ತು. ಬಾಗಿಲು ತಡಕಿದ. ಗೋಡೆ. ಮತ್ತೆ ಗೋಡೆ. ಟಿಕ್. ಟಿಕ್. ಗೋಡೆ. ಮೊಣಕೈ ತಾಗಿ ಪಾತ್ರೆ ಉರುಳಿತು.

ಏನೋ ಬಿದ್ದ ಸದ್ದು ಕೇಳಿ ಬಾಗಿಲು ತೆರೆದವಳು ಪೂಜಿತಾ. ಬತ್ತಿ ಆರಿಸಿದವಳೂ ಅವಳೇ. ಆಗ ಅದು ಅರ್ಧ ಉಳಿದಿತ್ತು.

ಇಬ್ಬರು ವೈದ್ಯರು ನೋಡಿದರು. ಕಣ್ಣಿನಲ್ಲಿ ಯಾವ ದೋಷವೂ ಇಲ್ಲ ಎಂದರು. ಆತ್ರೇಯ ಮೂರು ದಿನ ಗೋಡೆಗೆ ಮುಖ ಮಾಡಿ ಮಲಗಿ ಮಣಿಗಳ ಸದ್ದು ಕೇಳಿದ. ಶುಕ್ರವಾರ ಹೆಂಡತಿಯ ಕೈ ಹಿಡಿದುಕೊಂಡು, ಅರ್ಧ ಬತ್ತಿಯನ್ನು ಕಾಗದದಲ್ಲಿ ಸುತ್ತಿಕೊಂಡು ಚರ್ಚಿಗೆ ಬಂದ. ಅವಳು ಕೈಕಾಲು ತೊಳೆಯಲು ನಲ್ಲಿಯ ಕಡೆ ಹೋದಾಗ ಇನ್ನಾಸಪ್ಪ ಕಾಗದ ಬಿಚ್ಚಿದ.

"ಕದ್ರಾ?"

ಆತ್ರೇಯ ಮುಖ ಪಕ್ಕಕ್ಕೆ ತಿರುಗಿಸಿದ.

"ಇಷ್ಟೇ ಉಳಿದಿರೋದು. ಇದರಲ್ಲೇ ಕಣ್ಣು ಮಾಡಿ, ಹಚ್ಚೋಕೆ ನಡುವೆ ದಾರ ಇಟ್ಕೊಡ್ತೀನಿ. ಎಲ್ಲರ ಮುಂದೆ ಮಂಡಿಯೂರಿ, ತಪ್ಪಾಯ್ತು ಅಂದು ಹಚ್ಚಿ. ಶಿಲುಬೆ ಮೇಲಿರೋನು ತಗೋತಾನೆ. ಆದ್ರೆ ನೀವೇ ಹಚ್ಬೇಕು ಸಾರ್. ಬೇರೆಯವರನ್ನ ಕಳಿಸಿದ್ರೆ ಅವರ ಮೇಲೆ ಕೂತ್ಕೊಳತ್ತೆ. ಆಮೇಲೆ ಇಳಿಸೋಕೆ ಈ ಮೇಣ ಇರಲ್ಲ."

ಅಲ್ಲೇ ಕರಗಿಸಿ ತಿದ್ದಿದ ಬೆಚ್ಚಗಿನ ಮೇಣದ ಕಣ್ಣುಗಳನ್ನು ಅವನ ಅಂಗೈಯಲ್ಲಿಟ್ಟು ಮುದುಕ ಗಂಟೆ ಹೊಡೆಯಲು ಹೋದ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಒಳಗೆ ಶಿಲುಬೆಯ ಹಾದಿಯ ಪ್ರಾರ್ಥನೆ ನಡೆದಿತ್ತು. ಜನ ಮಂಡಿಯೂರುವ, ಏಳುವ ಸದ್ದು ಕೇಳುತ್ತಿತ್ತು. ಹಿಂದಿನ ಬೆಂಚಿನಿಂದ ಯಾರೋ, "ಅವರು ಆ ಭಾನುವಾರದ ಮೇಷ್ಟ್ರಲ್ವಾ?" ಎಂದರು.

ಅಷ್ಟು ಸಾಕಾಯಿತು. ಮಂಡಿ ನೆಲಕ್ಕೆ ತಾಗಿಸುವುದು, ಎರಡು ಮಾತು ಹೇಳುವುದು, ಅಷ್ಟೇ ಕೇಳಿದ್ದು. ಅದನ್ನು ಯಾರಾದರೂ ನೋಡಿಯಾರು ಎಂಬ ಭಯ ಅವನಿಗೆ ಕುರುಡುತನಕ್ಕಿಂತ ದೊಡ್ಡದಾಯಿತು. ಅಂಥ ಮನುಷ್ಯ.

"ಪೂಜಿ, ನೀನೇ ಹೋಗಿ ಹಚ್ಚಿಬಿಡು," ಎಂದ, ನಲ್ಲಿಯಿಂದ ಬಂದು ಪಕ್ಕದಲ್ಲಿ ನಿಂತ ಹೆಂಡತಿಗೆ.

"ನಾನು ಹಚ್ಚಿದ್ರೆ ಆಗತ್ತಂತಾ?"

"ಆಗತ್ತೆ."

"ಏನಾದ್ರೂ ಬೇಡ್ಕೋಬೇಕಾ?"

"ಏನೂ ಬೇಡ. ಬರೀ ಸಿಂಬಲ್. ಮುದುಕನ ಸಮಾಧಾನಕ್ಕೆ."

ಬರೀ ಸಂಕೇತವೆಂದು ಅನ್ನಿಸಿದ್ದರೆ ಅವನು ಬಂದೇ ಇರುತ್ತಿರಲಿಲ್ಲ. ಮೂರು ದಿನದ ಕತ್ತಲೆಯಲ್ಲಿ ಅವನು ಎಲ್ಲವನ್ನೂ ನಂಬಿಬಿಟ್ಟಿದ್ದ, ಇನ್ನಾಸಪ್ಪನ ಕೊನೆಯ ಮಾತನ್ನೂ ಸೇರಿಸಿ. ನಂಬಿಯೇ ಅವಳ ಕೈಗೆ ಕೊಟ್ಟ.

ಅವಳ ಹೆಜ್ಜೆಯ ಸದ್ದು ದೂರವಾಯಿತು. ಕಡ್ಡಿ ಗೀರಿತು. ಆಸ್ಪತ್ರೆಯ ವಾಸನೆ. ಮಣಿಗಳು. ಟಿಕ್. ಟಿಕ್. ನಿಂತವು. ಕಪ್ಪು ಬೂದುಬಣ್ಣವಾಯಿತು. ಬೂದು ತೆಳುವಾಯಿತು. ಬಿಸಿಲು. ಬೆಂಚು. ಗೋಡೆಯ ಮೇಲೆ ಶಿಲುಬೆ, ಅದರಲ್ಲಿ ತಲೆಬಾಗಿ ತೂಗುವ ಮನುಷ್ಯ. ಆತ್ರೇಯ ಮೊದಲು ನೋಡಿಕೊಂಡದ್ದು ತನ್ನ ಕೈಗಳನ್ನು. ಎರಡು ಸಲ ತಿರುಗಿಸಿ ನೋಡಿಕೊಂಡ.

ಆಮೇಲೆ ಹೆಂಡತಿಯತ್ತ ನೋಡಿದ. ಅವನು ಹೇಳದಿದ್ದರೂ ಅವಳು ಮಂಡಿಯೂರಿದ್ದಳು.

"ರೀ, ಬತ್ತಿ ಆರೋಯ್ತಲ್ಲ. ಇಷ್ಟು ಕತ್ತಲೆ ಯಾಕಾಯ್ತು?"

ಬತ್ತಿ ಅವಳ ಮುಖದ ಮುಂದೆಯೇ ಉರಿಯುತ್ತಿತ್ತು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಅವಳ ಬೆರಳು ಜ್ವಾಲೆಯ ಕಡೆಗೆ ಹೋಯಿತು. ಸುಟ್ಟಿತು. ಅವಳು ಚೀರಲಿಲ್ಲ, ಕೈಯನ್ನು ಹಿಂದಕ್ಕೆಳೆದು ಎದೆಗೊತ್ತಿಕೊಂಡಳು.

ಗಂಟೆಯ ಹಗ್ಗ ಬಿಟ್ಟು ಬಂದ ಇನ್ನಾಸಪ್ಪ ಅವಳನ್ನು ನೋಡಿದ. ಅಷ್ಟರಲ್ಲೇ ಮೇಣದ ಕಣ್ಣುಗಳು ಕರಗಿ ಕಲ್ಲಿನ ಮೇಲೆ ಹರಿದು ಮುಗಿದಿದ್ದವು. ಅವನು ಆತ್ರೇಯನ ಕಡೆ ತಿರುಗಿದ.

"ಅವತ್ತು ಮಾಟದ ಗೊಂಬೆ ಅಂದ್ರಲ್ಲ ಸಾರ್," ಎಂದ. "ಇವತ್ತು ಆಯ್ತು ನೋಡಿ."

ಪೂಜಿತಾ ಆ ದನಿ ಬಂದತ್ತ ಮುಖವೆತ್ತಿದಳು.

"ರೀ," ಎಂದಳು. "ನಿಮಗೀಗ ಕಾಣ್ತಿದೆಯಾ?"

ಎಲ್ಲಿಯೂ ನಿಲ್ಲದೆ ಅಲೆಯುತ್ತಿದ್ದ ಅವಳ ಕಣ್ಣು, ಬೆರಳ ತುದಿಯಲ್ಲಿ ಏಳುತ್ತಿದ್ದ ಬೊಬ್ಬೆ, ಅವಳ ರವಿಕೆಯ ತೋಳಿಗೆ ಅಂಟಿದ್ದ ಜರಿಯ ಒಂದೆಳೆ, ಎಲ್ಲವೂ ಆತ್ರೇಯನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಇಲ್ಲ," ಎಂದ.