ಎಂಗೇಜ್ ಬಂದ ಎರಡು ಗಂಟೆ

"ಒಳಗೆ ಬರೋಕೆ ಮುಂಚೆ ಮೈಮೇಲೆ ನೀರು ಹಾಕ್ಕೊಳ್ಳಿ ಅತ್ತೆ, ಕಾಯಿಸಿಟ್ಟಿದ್ದೀನಿ" ಎಂದು ಜಯಶೀಲಾ ಬಕೆಟ್ಟು ಹಿಡಿದು ಬಂದಳು. ಬೇಗೂರಿನಲ್ಲಿ ಒಬ್ಬನೇ ತಮ್ಮ ಪಿಳ್ಳಪ್ಪನನ್ನು ಮಣ್ಣು ಮಾಡಿ ಬಂದಿದ್ದ ಅಕ್ಕಯಮ್ಮ ಹೊಸಿಲ ಹೊರಗೇ ಕುಸಿದು ಕುಳಿತರು.

"ನೀರು ಆಮೇಲೆ. ನಿನ್ನೆ ಸಾಯಂಕಾಲ ಫೋನು ಕೆಟ್ಟೋಗಿದೆ ಅಂದ್ಯಲ್ಲ, ನಿಜವಾ?"

ಜಯಶೀಲಾ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

"ತಮ್ಮನ ಮಗ ದಿನೇಶ ಹನ್ನೊಂದು ಸಲ ಮಾಡವ್ನೆ ಕಣಮ್ಮಿ! ಹನ್ನೊಂದು ಸಲನೂ ಎಂಗೇಜು! ಕೆಟ್ಟಿರೋ ಫೋನಲ್ಲಿ ಯಾರ ಜೊತೆ ಮಾತಾಡ್ತಿದ್ದೆ? ಸತ್ತೋಗಿರೋ ನನ್ನ ಮಗನ ಜೊತೇನಾ?"

ಬಕೆಟ್ಟು ಕೈಯಿಂದ ಜಾರಿತು...

ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಪುಟ್ಟೇನಹಳ್ಳಿಯ ಆ ಮನೆಯಲ್ಲಿ ಜಯಶೀಲಾ ತಲೆ ಎತ್ತಿ ಮಾತಾಡಿದವಳಲ್ಲ. ಬೆಳಿಗ್ಗೆ ಗಾರ್ಮೆಂಟ್ಸ್ ಕೆಲಸ, ಸಂಜೆ ಅತ್ತೆಯ ಅಡುಗೆ, ಆಮೇಲೆ ವಠಾರದ ಬಾಡಿಗೆದಾರರ ನೀರಿನ ಜಗಳ. ಅವಳಿಗಿದ್ದುದು ಒಂದೇ ಆಸೆ, ಮಗಳು ಶೃತಿ ಎಂ.ಎಸ್ಸಿ. ಮುಗಿಸಬೇಕು. ಆದರೆ ಈಗಿನ ಮೇಷ್ಟ್ರು ನೋಟ್ಸ್ ಬರೆಸುತ್ತಿರಲಿಲ್ಲ. ಪಾಠ, ಚಿತ್ರ ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ಹಾಕಿ 'ಅಲ್ಲಿಂದ ತಗೊಳ್ಳಿ' ಎನ್ನುತ್ತಿದ್ದರು. ಕಾಲೇಜಿನ ಎಂಟು ಕಂಪ್ಯೂಟರುಗಳಿಗೆ ಅರವತ್ತು ಜನರ ಕ್ಯೂ. ಗಾರ್ಮೆಂಟ್ಸ್ ಆಫೀಸಿನವರು ಮೂಲೆಗೆಸೆದಿದ್ದ ಹಳೆಯ ಕಂಪ್ಯೂಟರನ್ನು ಜಯಶೀಲಾ ಕೇಳಿ ತಂದು, ಮನೆಯ ಫೋನಿನ ತಂತಿಗೆ ಸೇರಿಸಿದ್ದಳು. ಒಂದೊಂದು ಪಾಠ ಇಳಿಯಲು ಒಂದು ಗಂಟೆ, ಎರಡು ಗಂಟೆ! ಅಷ್ಟು ಹೊತ್ತೂ ಹೊರಗಿನಿಂದ ಫೋನು ಮಾಡಿದವರಿಗೆ ಲೈನು ಎಂಗೇಜು. ನಡುವೆ ಯಾರಾದರೂ ರಿಸೀವರ್ ಎತ್ತಿದರೆ ಮುಗಿಯಿತು, ಮತ್ತೆ ಮೊದಲಿನಿಂದ. ಅದಕ್ಕೇ ಶೃತಿ ಒಳಗೆ ಕೂತಾಗಲೆಲ್ಲ ಇವಳು ಹಾಲಿನಲ್ಲಿ ಫೋನಿನ ಪಕ್ಕ ಕಾವಲು ಕೂರುತ್ತಿದ್ದಳು. ಅತ್ತೆ ಕೇಳಿದರೆ, "ಲೈನು ಹೋಗಿದೆ ಅತ್ತೆ, ಲೈನ್‌ಮನ್‌ಗೆ ಹೇಳಿದ್ದೀನಿ" ಎನ್ನುವ ಸಣ್ಣ ಸುಳ್ಳು. ಅದರಿಂದ ಯಾರಿಗೆ ಏನು ನಷ್ಟ ಎಂದುಕೊಂಡಿದ್ದಳು, ಪಾಪಿ!

ನಿನ್ನೆ ಶುಕ್ರವಾರ ಪಿಳ್ಳಪ್ಪನಿಗೆ ಉಸಿರು ಮೇಲಕ್ಕೆ ಹತ್ತಿದಾಗಲೂ ಅವಳು ಹಾಗೆಯೇ ಕೂತಿದ್ದಳು. ಕೊನೆಗೆ ದಿನೇಶ ಸ್ಕೂಟರಿನಲ್ಲಿ ಆಳು ಕಳಿಸಿದ. ಅಕ್ಕಯಮ್ಮ ಬೇಗೂರು ಮುಟ್ಟುವಷ್ಟರಲ್ಲಿ ದೀಪ ಹಚ್ಚಿ ತಲೆಯ ಹತ್ತಿರ ಇಟ್ಟಾಗಿತ್ತು. ಕಂಪ್ಯೂಟರಿನ ವಿಷಯವನ್ನೆಲ್ಲ ಜಯಶೀಲಾ ಈಗ ಅತ್ತೆಯ ಮುಂದೆ ಹೇಳಿಕೊಂಡಳು.

"'ಅಕ್ಕ ಬಂದ್ಲಾ, ಅಕ್ಕ ಬಂದ್ಲಾ' ಅಂತ ಬಾಗ್ಲು ನೋಡ್ತಾನೇ ಇದ್ನಂತೆ... ಎತ್ತಿ ಆಡಿಸ್ದೋಳು ಕಣೇ ನಾನು! ಒಂದು ತೊಟ್ಟು ನೀರು ಬಿಡಕ್ಕಾಗ್ಲಿಲ್ಲ!" ಅಕ್ಕಯಮ್ಮ ಎದೆ ಬಡಿದುಕೊಂಡರು. "ಆ ಡಬ್ಬ ತೆಗೆದು ಆಚೆಗೆಸೆ. ಶೃತಿ ಓದು ಇವತ್ತಿಗೆ ಮುಗೀತು!"

ಬಾಗಿಲಲ್ಲಿ ನಿಂತಿದ್ದ ಶೃತಿ ಅಳುತ್ತಾ, "ಆಯ್ತು ಅಜ್ಜಿ... ನಾನು ಸೋಮವಾರ ಎಕ್ಸಾಂ ಬರೆಯಲ್ಲ" ಎಂದಳು.

"ಸುಮ್ನಿರು ನೀನು!" ಜಯಶೀಲಾಳ ದನಿಗೆ ಅವಳೇ ಬೆಚ್ಚಿದಳು. ನೆಲಕ್ಕೆ ಬಿದ್ದು ಅತ್ತೆಯ ಕಾಲು ಹಿಡಿದಳು. "ಅತ್ತೆ, ಅವಳು ಓದಿದ್ಲು ಅಷ್ಟೇ. ಸುಳ್ಳು ಹೇಳಿದ್ದು ನಾನು. ಶಿಕ್ಷೆ ನನಗೆ ಕೊಡಿ, ಏನು ಬೇಕಾದ್ರೂ ಕೊಡಿ... ಅವಳ ಪರೀಕ್ಷೆ ಮಾತ್ರ ಕಿತ್ಕೋಬೇಡಿ!"

ಅಕ್ಕಯಮ್ಮ ಸೊಸೆಯ ನೆತ್ತಿಯನ್ನು ನೋಡಿದರು. ಆಮೇಲೆ ಕಾಲು ಬಿಡಿಸಿಕೊಂಡು ಮೆಲ್ಲಗೆ ಹೇಳಿದರು.

"ಬರೀಲಿ. ಆದ್ರೆ ಇವತ್ತಿಂದ ನಿನ್ನ ಕೈಯಡುಗೆ ನನಗೆ ಬೇಡ. ನಾನಿರೋಗಂಟ."

ಭಾನುವಾರದಿಂದಲೇ ಆ ಮನೆಯಲ್ಲಿ ಎರಡು ಒಲೆ ಉರಿಯಿತು. ಎಪ್ಪತ್ತು ದಾಟಿದ ಮುದುಕಿ ಹಿತ್ತಿಲಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿಕೊಂಡು, ಒಂದೇ ಒಂದು ಮುದ್ದೆ ತಿರುವುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ಜಯಶೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸೋಮವಾರ ಸಂಜೆ ಶೃತಿ ಪರೀಕ್ಷೆ ಮುಗಿಸಿ ಬಂದಳು. ಅಕ್ಕಯಮ್ಮ ಜಗಲಿಯ ಮೇಲೆ ಅವಳಿಗೇ ಕಾಯುತ್ತಿದ್ದಂತೆ ಕೂತಿದ್ದರು.

"ಬರೆದ್ಯಾ?"

"ಬರೆದೆ ಅಜ್ಜಿ."

"ಅವತ್ತು ಎರಡು ಗಂಟೆ ಕೂತ್ಕೊಂಡು ಇಳಿಸ್ಕೊಂಡ್ಯಲ್ಲ... ಅದು ಬಂದಿತ್ತಾ?"

ಒಳಗೆ ಅಕ್ಕಿ ಆರಿಸುತ್ತಿದ್ದ ಜಯಶೀಲಾಳ ಕೈ ನಿಂತಿತು. ಬಂದಿತ್ತು ಅಂದುಬಿಡು ಮಗಳೇ... ಆ ಜೀವಕ್ಕೆ ಅಷ್ಟಾದರೂ ಸಮಾಧಾನವಾಗಲಿ! ಮನಸ್ಸು ಕೂಗುತ್ತಿತ್ತು.

ಶೃತಿ ಪುಸ್ತಕಗಳನ್ನು ಜಗಲಿಯ ಮೇಲಿಟ್ಟಳು. ಆಮೇಲೆ ಅಜ್ಜಿಯ ಪಕ್ಕ ಕೆಳಗೆ ಕೂತಳು.

"ಇಲ್ಲ ಅಜ್ಜಿ. ಅದರಿಂದ ಒಂದು ಪ್ರಶ್ನೆನೂ ಬರ್ಲಿಲ್ಲ."

ಅಕ್ಕಯಮ್ಮ ಬೀದಿಯ ಕಡೆ ನೋಡಿದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಕೊನೆಗೆ ಒರಟು ಕೈಯನ್ನು ಮೊಮ್ಮಗಳ ತಲೆಯ ಮೇಲಿಟ್ಟರು.

"ಸುಳ್ಳು ಹೇಳ್ಲಿಲ್ವಲ್ಲ ಮಗಾ ನೀನು... ಸಾಕು ಬಿಡು. ಓದ್ಕೋ. ಮುಂದಿನ ಪರೀಕ್ಷೆ ಯಾವಾಗ?"

"ಗುರುವಾರ ಅಜ್ಜಿ."

"ಹಂಗಾದ್ರೆ ಮೊದಲು ಉಂಡ್ಕೋ ಹೋಗು. ಮುಖ ನೋಡು, ಹೆಂಗೆ ಬಾಡೋಗಿದೆ."

ಒಳಗಿದ್ದವಳ ಹೆಸರನ್ನು ಅವರು ಎತ್ತಲಿಲ್ಲ. ಇನ್ನು ಎತ್ತುವುದೂ ಇಲ್ಲವೆಂದು ಜಯಶೀಲಾಳಿಗೆ ಗೊತ್ತಿತ್ತು. ಇರಲಿ... ಮಗಳಿಗೆ ಗುರುವಾರ ಉಳಿಯಿತಲ್ಲ! ಕಣ್ಣೊರೆಸಿಕೊಂಡು, ಇಬ್ಬರಿಗೆ ಸಾಕಾಗುವಷ್ಟು ಅಕ್ಕಿ ಅಳೆದು ಅವಳು ನೀರಿಗೆ ಹಾಕಿದಳು.